ಇವತ್ತು ಅತ್ತೆ ಕಾಣಿಸುವುದಿಲ್ಲ

ಪೋರ್ತೊ ನತಾಲೆಸ್ ಬಿಟ್ಟು ಬೆಳಿಗ್ಗೆ ಏಳಕ್ಕೆ ಹೊರಟಾಗಲೇ
ಮಳೆ ಅಡ್ಡಡ್ಡ ಹೊಡೆಯುತ್ತಿತ್ತು.
ಇಲ್ಲಿ ಮಳೆ ಮೇಲಿಂದ ಬೀಳುವುದಿಲ್ಲ,
ಪಕ್ಕದ ಮನೆಯ ಮಾತಿನ ಹಾಗೆ
ಗೋಡೆ ದಾಟಿ ಬಂದು ಕಾಲರಿನೊಳಗೆ ಇಳಿಯುತ್ತದೆ.

ಎಂಬತ್ತಮೂರು ಟಿಕೆಟ್ಟು. ಎಂಬತ್ತಮೂರು ಕಿತ್ತಳೆ ಜಾಕೆಟ್ಟು.
ಒದ್ದೆ ಕೋಳಿಗಳಂತೆ ಒತ್ತಿಕೊಂಡು ಕೂತವರು
ಅಂಗೈಯಲ್ಲಿ ಗಾಜು ಒರೆಸುತ್ತಾರೆ, ಮತ್ತೆ ಒರೆಸುತ್ತಾರೆ,
ಮಬ್ಬು ಗಾಜಿನದಲ್ಲ ಎಂದು ಗೊತ್ತಾಗುವವರೆಗೆ.

ನನ್ನ ಕೆಲಸ ಮೈಕು.
ಹತ್ತೊಂಬತ್ತು ವರ್ಷದಿಂದ ಅದೇ ಮಾತು:
ಎಡಕ್ಕೆ ನೀರುಕಾಗೆಗಳ ಬಂಡೆ, ಬಲಕ್ಕೆ ಜಲಪಾತ,
ನೇರ ಎದುರಿಗೆ ಹಿಮನದಿ.
ನಕಾಶೆಯಲ್ಲಿ ಅದಕ್ಕೆ ಯಾರೋ ಅಡ್ಮಿರಲ್ಲನ ಹೆಸರು.
ದೋಣಿಯವರು ನಾವು ‘ಅತ್ತೆ’ ಅನ್ನುತ್ತೇವೆ.
ಬೆಳ್ಳಗೆ, ಬಿಗಿದುಕೊಂಡು, ದಿನವಿಡೀ ತುಟಿ ಪಿಟಕ್ಕೆನ್ನದೆ ಕೂತು
ಒಮ್ಮೆ ಬಾಯಿ ಬಿಟ್ಟಳೆಂದರೆ
ಇಡೀ ಕೊಲ್ಲಿ ತಟ್ಟೆಯ ನೀರಿನಂತೆ ಅಲುಗುತ್ತದೆ.

ಒಂದು ವಾಕ್ಯ ಮಾತ್ರ ವರ್ಷವರ್ಷವೂ ಬದಲು,
ಅದನ್ನಷ್ಟೇ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ:
ಬಂಡೆಯ ಮೇಲೆ ಆ ಬಿಳಿ ಗೆರೆ ಕಾಣುತ್ತಲ್ಲ,
ನಾನು ಕೆಲಸಕ್ಕೆ ಸೇರಿದಾಗ ಅವಳು ಅಲ್ಲಿದ್ದಳು. ಅಲ್ಲಿಂದ ಇವತ್ತಿಗೆ
ಇಷ್ಟು ಮೀಟರು.
ಆ ‘ಇಷ್ಟು’ ಇರುವಲ್ಲಿ ರಬ್ಬರು ಉಜ್ಜಿ ಉಜ್ಜಿ
ಕಾಗದ ತೆಳ್ಳಗಾಗಿದೆ, ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತದೆ.

ಗೆರೆ ಎಳೆದವನು ಒಸಿಯೆಲ್. ಆಗ ಡೆಕ್ಕು ತೊಳೆಯುವ ಹುಡುಗ.
ದೋಣಿಗೆ ಬಳಿದು ಮಿಕ್ಕ ಬಣ್ಣ, ನನ್ನನ್ನು ನಗಿಸಲಿಕ್ಕೆ, ಸುಮ್ಮನೆ.
ಈಗ ಅವನೇ ಕ್ಯಾಪ್ಟನ್. ನಗಿಸುವುದು ಬಿಟ್ಟಿದ್ದಾನೆ.

ಇವತ್ತು ಬಂಡೆಯೂ ಇಲ್ಲ, ಗೆರೆಯೂ ಇಲ್ಲ.
ನೀರು ಆಕಾಶ ಇಬ್ಬರೂ ಒಂದೇ ಕಂಬಳಿ ಹೊದ್ದಿದ್ದಾರೆ.
ತೆಮೂಕೊದಿಂದ ಬಂದ ಹಲ್ಲಿನ ಡಾಕ್ಟರು
ಹತ್ತಿರ ಬಂದು, ಬಾಯಿ ತೆರೆಸುವ ಆ ಮೆಲುದನಿಯಲ್ಲಿ, ಕೇಳುತ್ತಾನೆ:
ದುಡ್ಡು ವಾಪಸ್ಸು ಕೊಡುತ್ತೀರಾ?
ಅಷ್ಟರಲ್ಲಿ ಅಡುಗೆಯ ನೋಲ್ಫಾ
ಬಿಸಿ ಸೊಪಾಯ್ಪಿಯಾ ತಂದು ಅವನ ಕೈಗಿಟ್ಟಳು.
ಕುಂಬಳಕಾಯಿ ಕಲಸಿ ಕರಿದದ್ದು. ನಮ್ಮಲ್ಲಿ ಮಳೆ ಹಿಡಿದರೆ
ಯಾರೂ ಹೇಳಬೇಕಾಗಿಲ್ಲ, ಬಾಣಲೆ ತಾನೇ ಒಲೆ ಹತ್ತುತ್ತದೆ.
ಡಾಕ್ಟರ ಬಾಯಿ ತುಂಬಿತು.

ಒಸಿಯೆಲ್ ಎಂಜಿನ್ನು ನಿಲ್ಲಿಸಿದ.
ಬಾಗಿಲು ತೆರೆದು, ಗೊಣಗುತ್ತ, ಎಲ್ಲರೂ ಹೊರಗೆ ಬಂದರು.
ಎಡಕ್ಕೆ ಏನು, ಬಲಕ್ಕೆ ಏನು, ಹೇಳಿ ಆಯಿತು. ಎದುರಿಗೆ...

ಎದುರಿಗೆ ಬರೀ ಬೂದಿ.
ಆಗ ಹೊಳೆಯಿತು, ಕದ್ದ ತಿಂಡಿಯ ಹಾಗೆ ಬೆಚ್ಚಗೆ:
ಇವತ್ತು ಆ ವಾಕ್ಯ ಹೇಳಬೇಕಾಗಿಲ್ಲ.
ಈ ಕಾವಳದ ಹಿಂದೆ ಅವಳು
ಗೆರೆಯ ಹತ್ತಿರವೇ ಕೂತಿರಬಹುದು,
ಮೊಣಕಾಲು ನೀರಿಗಿಟ್ಟು, ಮೊದಲಿನಷ್ಟೇ ದಪ್ಪಗೆ.
ನಾನು ಇಪ್ಪತ್ತಾರರವಳು. ಕಾಗದ ಹೊಸದು.
ಅಲ್ಲ ಅನ್ನುವವರು ಯಾರು?

‘ಕೇಳಿಸಿಕೊಳ್ಳಿ’ ಎಂದೆ. ಅಷ್ಟೇ.

ನೀರಿನ ಮೇಲೆ ಮಳೆಯ ಸದ್ದು. ಅದರೊಳಗೆ ಇನ್ನೊಂದು:
ಸುತ್ತ ತೇಲುವ ನೀರ್ಗಲ್ಲಿನ ಚೂರುಗಳು ಕರಗುತ್ತ
ಚಿಟಿಚಿಟಿ ಚಿಟಿಚಿಟಿ,
ನೋಲ್ಫಾಳ ಬಾಣಲೆ ಇನ್ನೂ ಆರಿಲ್ಲವೇನೋ ಎಂಬಂತೆ.
ಎಷ್ಟೋ ಕಾಲ ಹಿಡಿದಿಟ್ಟ ಉಸಿರು
ಗುಳ್ಳೆ ಗುಳ್ಳೆಯಾಗಿ ಹೊರಟಿತ್ತು,
ನಮ್ಮ ಯಾರ ಅಜ್ಜನೂ ಎಳೆದುಕೊಳ್ಳದ ಗಾಳಿ.
ಎಂಬತ್ತಮೂರು ಜನ ಅಗಿಯುವುದು ನಿಲ್ಲಿಸಿದರು.

ಆಮೇಲೆ ಎಲ್ಲೋ ಎಡಗಡೆ ಕಂಬಳಿಯ ಅಂಚು ಒಂದು ಗೇಣು ಸರಿಯಿತು.
ನೀಲಿ.
ಬಿಸಿಲ ದಿನ ಅವಳು ಬರೀ ಸುಣ್ಣ, ಕಣ್ಣು ಕುಕ್ಕುತ್ತಾಳೆ, ಏನೂ ಕೊಡುವುದಿಲ್ಲ.
ಮಳೆಯಲ್ಲೇ ಈ ನೀಲಿ,
ಗ್ಯಾಸಿನ ಉರಿಯ ಬುಡದಲ್ಲಿರುವಂಥದು.
ಮತ್ತು ದೂರ. ಹೋದ ವರ್ಷಕ್ಕಿಂತ ದೂರ.
ಒಳಮನೆಗೆ ಸರಿದು ಕೂತವಳು
ಬಂದವರು ಯಾರೆಂದು ಬಾಗಿಲ ಸಂದಿಯಿಂದ ನೋಡಿದಂತೆ.

ಎರಡು ಉಸಿರಿನ ಹೊತ್ತು. ಮುಚ್ಚಿತು.

ಯಾರೂ ಫೋಟೋ ತೆಗೆಯಲಿಲ್ಲ. ಹಲ್ಲಿನ ಡಾಕ್ಟರು
ಎಣ್ಣೆಗೈ ಯಾರಿಗೂ ತಾಗದಂತೆ ಎತ್ತಿ ಹಿಡಿದು ನಿಂತಿದ್ದ.
ಮೇಲಿನ ಕಿಟಕಿಯಿಂದ ಒಸಿಯೆಲ್ ನನ್ನನ್ನು ನೋಡಿದ,
ಗಾಜಿನ ಹಬೆಯ ಮೇಲೆ ಬೆರಳಿನಿಂದ
ಒಂದು ಗೆರೆ ಎಳೆದ.

ಮೈಕು ಆನ್ ಇತ್ತು.
ಒಳಗೆ ಖಾಲಿ ಕುರ್ಚಿಗಳಿಗೆ
ಎಲ್ಲ ಸ್ಪೀಕರುಗಳೂ ಮಳೆ ಹೇಳುತ್ತಿದ್ದವು.