ಕುಣಿ

ಪಗಾರ ಎಷ್ಟಂತ ಮೊದಲು ಕೇಳಿದವ
ನೂಲಿನಂಗಡಿ ಈರಸಂಗಪ್ಪಣ್ಣ.
ಪಗಾರಿಲ್ಲ ಅಂದೆ.
ತಕ್ಕಡಿ ಅಲ್ಲೇ ನಿಂತಿತು.
‘ಆಫ್ರಿಕಾದ ಆಚೀ ಮಗ್ಗಲ ನಡುಗಡ್ಡಿಗೆ ಹೋಗಿ
ಆಮಿ ತತ್ತಿ ಕಾಯಾಕ
ಪಗಾರಿಲ್ಲ?’
ವಸ್ತಿ ಅವರದು, ಊಟದ ರೊಕ್ಕ ನಮ್ಮದು ಅಂದೆ.
ಅವತ್ತಿನಿಂದ ನಮಗ ಉದ್ರಿ ಬಂದ್.

ಅವ್ವ ಮಾತ್ರ
ಕುಣಿಯೊಳಗ ಕಾಲು ಇಳಿಬಿಟ್ಟು ಮಗ್ಗಕ್ಕ ಕುಂತಾಕಿ
ಲಾಳಿ ನಿಲ್ಲಸದ ಕೇಳಿದಳು:
ಈಜು ಬರತೈತೇನ ನಿನಗ?

ಬರತಿರಲಿಲ್ಲ.
ಗುಳೇದಗುಡ್ಡದಾಗ ಹುಟ್ಟಿದಾಕಿಗೆ
ನೀರಂದ್ರ ಕೊಡ, ಪಾಳಿ, ವಾರಕ್ಕೊಮ್ಮೆ ಬರೋ ನಳ,
ಹೆಚ್ಚಂದ್ರ ಮೊಳಕಾಲುದ್ದದ ಮಲಪ್ರಭಾ.

ಅಲ್ಲಿ ಹೋಗಿ ನೋಡಿದ್ರ
ನೀರಿನ ನಡುವ ಬರೇ ಉಸುಕು. ಗಿಡಿಲ್ಲ, ನೆರಳಿಲ್ಲ.
ರಾತ್ರಿ ಹತ್ತರಿಂದ ನಸಕು ನಾಕರ ತನಕ ದಂಡಿ ಹಿಡಿದು ನಡಿಗಿ.
ಬ್ಯಾಟರಿ ಹಚ್ಚಂಗಿಲ್ಲ, ಬಿಳೇ ಅರಿವಿ ತೊಡಂಗಿಲ್ಲ,
ಕೆಮ್ಮು ಬಂದ್ರ ನುಂಗಬೇಕು.
ಮುಂದ ಇವೋನಿ, ಮೀನಗಾರರ ಮಗಳು,
ಕತ್ತಲದಾಗ ಬರಿಗಾಲಿಂದ ಉಸುಕು ಓದಾಕಿ.

ಮೂರನೇ ರಾತ್ರಿ
‘ಯಾರೋ ಟ್ರ್ಯಾಕ್ಟರ್ ಹೊಡಕೊಂಡು ಹೋಗ್ಯಾರ’
ಅಂತ ಬಾಯ್ತಪ್ಪಿ ಕನ್ನಡದಾಗ ಅಂದೆ.
ಇವೋನಿ ನನ್ನ ಮುಂಗೈ ಹಿಡದಳು.
ಗಾಲಿಯ ಗುರುತು ಮುಗಿದಲ್ಲೇ
ಆಕಿ ಇದ್ದಳು.

ಹಿಂಗಾಲು ಒಂದು ಕೆಳಗಿಳಿಸಿ
ಉಸುಕು ಬೊಗಸಿ ಮಾಡಿ ತಗದು ಬಾಜೂಕ ಇಟ್ಟು
ಇನ್ನೊಂದು ಇಳಿಸಿ,
ಎಡ, ಬಲ,
ಎಡ, ಬಲ,
ಪಾವಡಿ ತುಳದಂಗ.
ಕಣ್ಣು ಎಲ್ಲೋ ಮುಂದ. ಕೆಲಸ ಹಿಂದ, ಕುಣಿಯೊಳಗ.
ಈ ಬೆನ್ನು ನನಗ ಗೊತ್ತಿತ್ತು.
ಸಾಲಿಂದ ಬಂದಾಗ ದಿನಾ ಮೊದಲು ಕಾಣತಿದ್ದ ಬೆನ್ನು.

ತತ್ತಿ ಎಣಸೋದು ನನ್ನ ಪಾಲಿಗೆ ಬಂದ ಕೆಲಸ.
ಅಂಗೈಯಾಗ ಒಂದೊಂದ, ಬೆಚ್ಚಗ, ಹಸೀ ಕಣಕದ ಉಂಡಿಯಂಗ.
ತೊಂಬತ್ತೇಳು.
ಖಣದ ಲೆಕ್ಕ ಬರದ ಕೈ, ತಪ್ಪಲಿಲ್ಲ.

ಅಲ್ಲಿ ನಸಕು ಐದು. ಇಲ್ಲಿ ಹನ್ನೊಂದೂವರಿ.
ಫೋನಿನ್ಯಾಗ ಲಟಪಟ ಲಟಪಟ,
ಅದರ ನಡುವ ಅವ್ವ:
‘ಎಷ್ಟು ಗಂಡು, ಎಷ್ಟು ಹೆಣ್ಣು?’

ಹೇಳಿದೆ.
ಉಸುಕು ಬಿಸಿ ಇದ್ರ ಹೆಣ್ಣು, ತಂಪಿದ್ರ ಗಂಡು.
ತಾಯಿ ಕೈಯಾಗ ಏನೂ ಇಲ್ಲವಾ, ಎಲ್ಲಾ ಕುಣಿ ಕಾವು.
ಈ ವರ್ಷ ಬಾಳ ಬಿಸಿ.
ತೊಂಬತ್ತೇಳೂ ಹೆಣ್ಣ ಇರಬಹುದು.

ಮಗ್ಗ ನಿಂತಿತು.

ನಾನು, ದ್ರಾಕ್ಷಾಯಣಿ, ಮತ್ತ ಮೂರನೇದಾಕಿ.
ಹುಟ್ಟಿದ ದಿನನ ಆಕಿಗೆ ಅಜ್ಜಿ ಇಟ್ಟ ಹೆಸರು ಸಾಕವ್ವ.
(ಸಾಲ್ಯಾಗ ಆಕಿ ತಾನ ಬರಿಸಿದ್ದು ಶಾಕಾಂಬರಿ.)
ಆ ಬಾಣಂತನದಾಗ
ಅವ್ವಗ ಖಾರ ಯಾರು ಕುಟ್ಟಿಕೊಟ್ರು,
ಯಾರೂ ಕೊಡಲಿಲ್ಲೇನು, ನಾನು ಕೇಳಿಲ್ಲ.

ಬಾಳ ಹೊತ್ತಿಗೆ ನಕ್ಕಳು.
‘ನಿಮ್ಮಜ್ಜಿ ಇನ್ನಾ ಇರಬೇಕಾಗಿತ್ತು ನೋಡು.
ನಂದೇನೈತ್ರಿ ಅತ್ತಿ,
ಎಲ್ಲಾ ಈ ಗುಳೇದಗುಡ್ಡದ ಬಿಸಿಲಿಂದು ಅಂತಿದ್ದೆ.’

ಮನುಷ್ಯಾರಿಗೆ ಹಂಗಲ್ಲವಾ, ಅನ್ನಾಕ ಬಾಯಿ ತಗದೆ.
ಮುಚ್ಚಿದೆ.

ಆದ್ರ ಎಲ್ಲಾ ಹೆಣ್ಣಾದ್ರೂ ನಡೆಯಂಗಿಲ್ಲ,
ಮುಂದ ಕುಲ ನಿಂತು ಹೋಗತೈತಿ,
ಅದಕ ಕೆಲವು ಕುಣಿಗೆ ಗರಿ ಹಾಸಿ ನೆರಳು ಮಾಡತೀವಿ ಅಂದೆ.
ಅವ್ವ ಲೆಕ್ಕ ಹಾಕಿದಂಗ ಸುಮ್ಮನಾದಳು.
‘ಹಂಗಾದ್ರ ನಾಕು ಕುಣಿಗೆ ಮಾಡು.
ನಾಕ ಸಾಕು.’
ಲಟಪಟ ಮತ್ತ ಸುರು.

ಈಗ ಮನ್ಯಾಗ ಕಂಡಿಕಿ ಸುತ್ತಿಕೋತ ಕುಂತೇನಿ.
ಮೈ ಕರ್ರಗಾಗೇತಿ, ಬ್ಯಾಗಿನ ಮೂಲ್ಯಾಗ ಉಸುಕು ಇನ್ನೂ ಸಿಗತೈತಿ,
ಈಜು ಇನ್ನೂ ಬರಂಗಿಲ್ಲ.
ಖಣ ಒಯ್ಯಾಕ ಬಂದವರಿಗೆಲ್ಲಾ ಅವ್ವ ಹೇಳತಾಳ,
ಈರಸಂಗಪ್ಪಣ್ಣಗೂ ಹೇಳ್ಯಾಳ:
‘ಗಂಡು ನಾಕ ಸಾಕು ಅಂದೆ, ನಾಕ ಮಾಡಿ ಬಂದಾಳ.’

ಒಂಬತ್ತು ಕುಣಿಗೆ ಮಾಡಿದ್ದೆ.
ಹೇಳಿಲ್ಲ.