ಎರಡನೇ ಮಾತು

ನಿನ್ನೆ ಬೀಗದಕೈ ಕೊಟ್ಟು ಹೋದರು
ನ್ಯಾಯಮೂರ್ತಿ ಡಾರ್ಕಸ್ ಕೀಪಿಂಗ್.
ಹತ್ತೊಂಬತ್ತು ವರ್ಷ ಅವರ ತೀರ್ಪು ಟೈಪು ಮಾಡಿದವನು
ಈಗ ಕಪಾಟು ಖಾಲಿ ಮಾಡುತ್ತಿದ್ದೇನೆ.
ಮೂರು ಪೆಟ್ಟಿಗೆ: ದಾಖಲೆಗೆ, ಮನೆಗೆ, ಚೂರು ಮಾಡುವ ಯಂತ್ರಕ್ಕೆ.
ಕಿಟಕಿಯಾಚೆ ಸೇಂಟ್ ಜಾನ್ಸ್ ಬಂದರು ಇದೆಯೋ ಇಲ್ಲವೋ
ಮಂಜಿಗೇ ಗೊತ್ತು.

ಅವರಪ್ಪ ವರ್ತಕನ ಧಕ್ಕೆಯಲ್ಲಿ ಮೀನು ವಿಂಗಡಿಸುವವನು.
ಬೇಸಿಗೆಯಿಡೀ ಮನೆಮಂದಿ ಸೀಳಿ, ಉಪ್ಪಿಕ್ಕಿ,
ಮಗುಚಿ ಮಗುಚಿ ಒಣಗಿಸಿದ ಕಾಡ್ ಮೀನು
ಅವನ ಮುಂದೆ ಬಂದು ಬೀಳುತ್ತಿತ್ತು.
ಹೆಬ್ಬೆರಳಲ್ಲೊಮ್ಮೆ ಒತ್ತುವನು, ತಂದವನ ಮುಖ ನೋಡನು:
ಮೊದಲ ರಾಶಿ, ಎರಡನೇ ರಾಶಿ, ಕಸ.
ಎರಡನೇ ಮಾತಿಲ್ಲ.
ಒಂದು ಮನೆಯ ಚಳಿಗಾಲದ ಹಿಟ್ಟು, ಕಾಕಂಬಿ, ಮಕ್ಕಳ ಬೂಟು
ಆ ಬೆರಳ ತುದಿಯಲ್ಲಿ.

ಇದನ್ನು ಅವರು ಹೇಳಿದ್ದು ಒಂದೇ ಸಲ, ಚಹಾ ಆರುತ್ತಿದ್ದಾಗ:
"ಓಬೆಡ್ ರಿಡೌಟ್ ಕಸದಿಂದ ಒಂದು ಮೀನು ಹಿಂದಕ್ಕೆತ್ತಿ
'ಇನ್ನೊಮ್ಮೆ ನೋಡು, ಲೀವೈ' ಅಂದ.
ಅಪ್ಪ ನೋಡಲಿಲ್ಲ.
ನಾನು ನೋಡಿದೆ. ನನಗಾಗ ಒಂಬತ್ತು.
ಚೆನ್ನಾಗಿಯೇ ಇತ್ತು ಮೀನು."

ಉಳಿದದ್ದು ಗೋಡೆಯ ಮೇಲಿತ್ತು, ಈಗ ಮೊಳೆಗಳಿವೆ:
ಹ್ಯಾಲಿಫ್ಯಾಕ್ಸಿನ ಪದವಿ,
ದೋಣಿಯಲ್ಲಿ ಕೊಲ್ಲಿ ಕೊಲ್ಲಿ ಸುತ್ತಿದ ಮ್ಯಾಜಿಸ್ಟ್ರೇಟಗಿರಿ,
ಆಮೇಲೆ ಈ ಮೇಲ್ಮನವಿ ಪೀಠ.

ಮೇಲ್ಮನವಿಗೆ ಮನುಷ್ಯರು ಬರುವುದಿಲ್ಲ, ಕಾಗದ ಬರುತ್ತದೆ.
ಅತ್ತದ್ದು ಬರುವುದಿಲ್ಲ,
'ಸಾಕ್ಷಿ ಉತ್ತರಿಸಲಿಲ್ಲ' ಎಂಬ ಸಾಲು ಬರುತ್ತದೆ.
ಆ ಸಾಲಿನ ಮೇಲೆ ಹೆಬ್ಬೆರಳಿಟ್ಟು ಕೂರುತ್ತಿದ್ದರು,
ಜೊತೆಯ ಇಬ್ಬರು ಊಟಕ್ಕೆದ್ದು ಹೋದರೂ.
ಏಳು ಸಲ ಒಬ್ಬರೇ ಬೇರೆ ಬರೆದರು.
ಒಂದನ್ನು ಒಟ್ಟಾವಾ ಒಪ್ಪಿತು.
ಆರು ಹಾಗೇ ಉಳಿದಿವೆ, ಯಾರನ್ನೂ ಬಿಡಿಸದ ಪುಟಗಳು,
ಒಂದು ಅಕ್ಷರ ತಪ್ಪಿಲ್ಲದೆ ನಾನೇ ಟೈಪಿಸಿದ್ದು.

ಕೆಳಗಿನ ಡ್ರಾಯರಿನಲ್ಲಿ, ಎಲ್ಲದರಡಿ, ಒಂದು ತೆಳು ಕಡತ.
ಮೂವರೂ ಒಂದಾಗಿ ತಳ್ಳಿಹಾಕಿದ್ದು.
ನೆನಪಿದೆ: ನವೆಂಬರು, ಶುಕ್ರವಾರ, ಹಿಮದ ಮುನ್ಸೂಚನೆ,
ಹನ್ನೊಂದು ನಿಮಿಷದ ವಿಚಾರಣೆ.
ಬೇಗ ಮುಗಿಯಿತೆಂದು ಖುಷಿಪಟ್ಟವನು ನಾನು,
ರಸ್ತೆ ಮುಚ್ಚುವ ಮೊದಲು ಮನೆ ಸೇರಿದ್ದೆ.
ಆ ಮನುಷ್ಯನ ಹೆಸರು ಮಾತ್ರ
ಈಗ ಓದಿಯೇ ತಿಳಿಯಬೇಕಾಯಿತು.

ಪುಟದ ಮೂಲೆಗಳು ಮೆತ್ತಗಾಗಿವೆ,
ವರ್ಷಗಟ್ಟಲೆ ಮುಟ್ಟಿದ ಹಾಗೆ.
ಅಂಚಿನಲ್ಲಿ ಪೆನ್ಸಿಲ್ಲು, ಅವರದೇ ಕೈ:
ಇನ್ನೊಮ್ಮೆ ನೋಡು, ಲೀವೈ.

ಉಳಿದೆಲ್ಲಕ್ಕೂ ಚೀಟಿ ಅಂಟಿಸಿ ಹೋಗಿದ್ದಾರೆ.
ಇದಕ್ಕೆ ಪೆಟ್ಟಿಗೆ ಹೇಳಿಲ್ಲ.