ಹನ್ನೆರಡೂ ನಲವತ್ತು

ಗಡಿಯಾರ ನೋಡುವುದನ್ನು ಬಿಟ್ಟಿದ್ದೇನೆ.
ಹಚಿನೊಹೆ ಬಂದರಿನ ಐಸು ಯಂತ್ರ
ಒಮ್ಮೆ ಕೆಮ್ಮಿ ಸುಮ್ಮನಾದರೆ
ಇನ್ನು ಎರಡು ನಿಮಿಷ.
ಆಮೇಲೆ ನನ್ನ ನಗಿಸಾ
ಹಾಸಿಗೆಯಿಂದ ಚಿಮ್ಮಿ ಎದ್ದು ಕೂತು
ಕಿಟಾರನೆ ಕಿರುಚುತ್ತಾಳೆ.

ಅಳು ಅಲ್ಲ ಅದು. ಅಳು ನನಗೆ ಗೊತ್ತು.
ಹಸಿವಿನದು, ಹಲ್ಲಿನದು,
ಬೇರೆ ಮಗುವಿನ ಕೈಲಿ ಬಲೂನು ಕಂಡಾಗಿನದು.
ಇದು ಯಾರೋ ದೊಡ್ಡವರು
ಎರಡು ವರ್ಷ ಐದು ತಿಂಗಳ ಗಂಟಲನ್ನು
ಕಡ ಪಡೆದು ಕೂಗಿದ ಹಾಗೆ.

ಕಣ್ಣು ತೆರೆದೇ ಇವೆ. ದೀಪ ಹಾಕಿದರೆ
ಪಾಪೆಯಲ್ಲಿ ನಾನೇ ಕಾಣುತ್ತೇನೆ, ಎರಡೆರಡು ಸಲ.
ಅವಳಿಗೆ ಮಾತ್ರ ಕಾಣಿಸುವುದಿಲ್ಲ.
"ಅಮ್ಮ ಬೇಕು" ಎನ್ನುತ್ತಾಳೆ
ಅಮ್ಮನನ್ನೇ ಎರಡೂ ಕಾಲಲ್ಲಿ ಒದೆಯುತ್ತಾ.
ಇಲ್ಲೇ ಇದ್ದೀನಲ್ಲೇ ಎಂದರೆ
ಇನ್ನೂ ಬೆದರಿ ಗೋಡೆಗೆ ಸರಿಯುತ್ತಾಳೆ.
ಯಾವ ಅಮ್ಮನನ್ನು ಕರೆಯುತ್ತಿದ್ದಾಳೆ ಇವಳು?
ಅಲ್ಲಿ ನಾನು ಯಾರ ಮುಖ ಹೊತ್ತು ನಿಂತಿದ್ದೇನೆ?

ಹುಳ, ಎಂದರು ಅತ್ತೆ ತೊಕಿ.
ಹೊಟ್ಟೆಯಲ್ಲೊಂದು ಸಿಟ್ಟಿನ ಹುಳ,
ಹಗಲು ಸುರುಳಿ ಸುತ್ತಿ ಮಲಗುತ್ತೆ,
ಇರುಳಾದರೆ ಮಗ್ಗುಲು ಬದಲಿಸುತ್ತೆ.
ಬಸ್ಸು ಹತ್ತಿ ಗುಡ್ಡದ ಗುಡಿಗೆ ಹೋದೆವು.
ಭಿಕ್ಷು ಪುಟ್ಟ ಅಂಗೈ ಮೇಲೆ ಕಪ್ಪು ಶಾಯಿಯಲ್ಲಿ ಏನೋ ಬರೆದ,
ಉಪ್ಪುನೀರಲ್ಲಿ ತೊಳೆದ, ಟವೆಲಿನಲ್ಲಿ ಒರೆಸಿ
ಬೆರಳ ತುದಿ ನೋಡಿ ಎಂದ.
ನಿಜ. ಬಿಳಿ ಎಳೆಗಳು, ಜೇಡನ ನೂಲಿಗಿಂತ ಸಣ್ಣವು,
ಒಂದೊಂದಾಗಿ ತೇಲಿ ಹೋದವು.
ಅತ್ತೆ ಕೈ ಮುಗಿದರು. ನಗಿಸಾ ಊದಿ ನಕ್ಕಳು.
ಟವೆಲಿನ ಜುಂಗು ಅನಿಸಿತು ನನಗೆ,
ಹೇಳಲಿಲ್ಲ. ಕಾಣಿಕೆ ಹಾಕಿದವಳು ನಾನೇ.

ಆ ರಾತ್ರಿಯೂ ಹನ್ನೆರಡೂ ನಲವತ್ತು.

ಡಾಕ್ಟರಮ್ಮ ಕಾಗದದ ಮೇಲೆ ಮೆಟ್ಟಿಲು ಬರೆದಳು.
ನಿದ್ದೆ ಹೀಗೆ ಇಳಿಯುತ್ತೆ, ಹೀಗೆ ಹತ್ತುತ್ತೆ,
ಹತ್ತುವಾಗ ಕಾಲು ತೊಡರಿದರೆ
ಅರ್ಧ ಮಗು ಎಚ್ಚರ, ಅರ್ಧ ಇನ್ನೂ ಕೆಳಗೆ.
ಎಬ್ಬಿಸಬೇಡಿ. ಬೀಳದ ಹಾಗೆ ಕಾಯಿರಿ.
ಬೆಳಗ್ಗೆ ಏನೂ ನೆನಪಿರುವುದಿಲ್ಲ, ಅವಳಿಗೆ.
ಪೆನ್ನು ಮುಚ್ಚುತ್ತಾ ಕೇಳಿದಳು:
ನಿಮ್ಮಿಬ್ಬರಲ್ಲಿ ಯಾರಿಗಾದರೂ, ಚಿಕ್ಕಂದಿನಲ್ಲಿ?
ಇಲ್ಲ ಎಂದೆ, ಇಬ್ಬರ ಪರವಾಗಿ.

ಬೊಂಡಾಸು ಸೀಳುವ ಶೆಡ್ಡಿನಲ್ಲಿ,
ಮೊಣಕೈವರೆಗೆ ಮಸಿ ಮೆತ್ತಿಕೊಂಡು,
ದೋಣಿಯ ಅಡುಗೆಯವನ ಹೆಂಡತಿ
ಚಾಕು ನಿಲ್ಲಿಸದೆಯೇ ಅಂದಳು:
ನಿನ್ನ ಗಂಡ ಶಿಗೆಕಿ ಈಗಲೂ ಕಿರುಚುತ್ತಾನಂತಲ್ಲ,
ಬಂಕಿನಲ್ಲಿ, ವಾರಕ್ಕೆರಡು ಸಲ?
ಏಳು ಜನ ಎದ್ದು ಕೂರುತ್ತಾರಂತೆ.
ಬೆಳಗ್ಗೆ ಯಾರೂ ಅವನಿಗೆ ಹೇಳುವುದಿಲ್ಲವಂತೆ.
ಚಹಾ ಮಾತ್ರ ಮೊದಲು ಅವನಿಗೇ ಬಗ್ಗಿಸುತ್ತಾರಂತೆ.

ಆರು ವರ್ಷದ ಮದುವೆ.
ಮನೆಗೆ ಬಂದಾಗಲೆಲ್ಲ ಅವನು
ಕೆಳಗೆ, ಬಲೆ ಇಡುವ ಕೋಣೆಯಲ್ಲಿ, ಒಬ್ಬನೇ ಮಲಗುವುದು.
ಬೆನ್ನುನೋವು ಎಂದಿದ್ದ.
ನಂಬಿದ್ದೆ. ಹೊಸ ಹಾಸಿಗೆ ಕೂಡ ಕೊಂಡಿದ್ದೆ.

ಅತ್ತೆಯನ್ನು ಕೇಳಿದೆ.
ಅಕ್ಕಿ ತೊಳೆಯುತ್ತಿದ್ದವರು
ತೊಳೆದ ಅಕ್ಕಿಯನ್ನೇ ಮತ್ತೊಮ್ಮೆ ತೊಳೆದರು.
"ಅವನಿಗೂ ತೆಗೆಸಿದ್ದೆ ಹುಳ. ಅದೇ ಗುಡಿಯಲ್ಲಿ."

ಇವತ್ತು ನಾನು ಇಲ್ಲೇ ಇದ್ದೀನಿ ಎನ್ನಲಿಲ್ಲ.
ಕಪಾಟಿನ ಚೂಪು ಅಂಚಿಗೆ ದಿಂಬು ಕಟ್ಟಿ
ಒಂದು ಮಾರು ದೂರ ಕೂತೆ.
ಕಿಟಕಿಯಾಚೆ, ಕಡಲು ಮುಗಿಯುವಲ್ಲಿ
ಬೊಂಡಾಸು ದೋಣಿಗಳ ದೀಪದ ಸಾಲು.
ಅದರಲ್ಲಿ ಯಾವುದು ಅವನದು, ತಿಳಿಯದು.
ಹನ್ನೊಂದು ನಿಮಿಷ ಕೂಗಿದಳು.
ಆಮೇಲೆ ಯಾರೋ ಸ್ವಿಚ್ಚು ಆರಿಸಿದಂತೆ
ಬಾಯಿ ತೆರೆದೇ ಹಿಂದಕ್ಕೆ ಒರಗಿದಳು.

ಬೆಳಗ್ಗೆ ಮೊಟ್ಟೆ ಕೇಳಿದಳು.
"ಅಮ್ಮ, ನೀನ್ಯಾಕೆ ಕೂತ್ಕೊಂಡೇ ಮಲ್ಗಿದ್ದೆ?"
ಹೀಗೇ, ಎಂದೆ.
ಬಾರ್ಲಿ ಚಹಾ ಆರಿಸಿ
ಮೊದಲು ಅವಳಿಗೇ ಬಗ್ಗಿಸಿದೆ.